ಕಾಕಾನ ಮೋಟಾರು ಬದಲಿ ಪ್ರಕರಣ

ನಮ್ಮ ಕಾಕಾ ಎಂಥವರ ಸ್ನೇಹ ಬೆಳೆಸುತ್ತಿದ್ದರು ಗೊತ್ತೇ? ಮನೆ ದಿಬ್ಬದ ಮೇಲಿರುವವರದು! ಗುಣ, ವಿದ್ಯೆ, ನೆಂಟಸ್ತಿಕೆ ಎಲ್ಲ ಆಮೇಲಿನ ಮಾತು. ಮನೆಯ ಮುಂದೆ ಇಳಿಜಾರು ಇದೆಯೋ ಇಲ್ಲವೋ, ಅದು ಮೊದಲು. ಏಕೆಂದರೆ ಅವರ ಮೋಟಾರಿನ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ! ಗುಂಡಿ ಒತ್ತಿದರೆ ಗಾಡಿ ಒಮ್ಮೆ ಆಕಳಿಸಿ ಮತ್ತೆ ಮಲಗುತ್ತಿತ್ತು. ಇಳಿಜಾರಿನಲ್ಲಿ ಉರುಳಬಿಟ್ಟರೆ ಮಾತ್ರ ಅದಕ್ಕೆ ಎಚ್ಚರ.

ಇದು ಐವತ್ತರ ದಶಕದ ಮಾತು. ಕಾಕಾ ಬಾಗಲಕೋಟೆಯಲ್ಲಿ ವಕೀಲರು. ನಾನು ಅದೇ ಊರಿನ ಶಾಲೆಯಲ್ಲಿ ಹೊಸದಾಗಿ ಮಾಸ್ತರನಾಗಿ ಸೇರಿ, ಕಾಕಾ-ಕಾಕು ಇಬ್ಬರ ಮನೆಯಲ್ಲಿ ಮೂರನೆಯವನಾಗಿ ಉಳಿದಿದ್ದೆ. ಅಲ್ಲ, ನಾಲ್ಕನೆಯವನು. ಮೂರನೆಯ ಸ್ಥಾನ ಮೋಟಾರಿನದು. ಅದರ ಸೈಲೆನ್ಸರು ಬಾದಾಮಿಯ ದಾರಿಯಲ್ಲೆಲ್ಲೋ ಕಳಚಿ ಬಿದ್ದಿತ್ತು. ಗಾಡಿ ಊರ ಹೊರಗಿರುವಾಗಲೇ ಊರೊಳಗಿನ ಎತ್ತುಗಳು ಹಗ್ಗ ಹರಿಯುತ್ತಿದ್ದವು. ಓಣಿಗೆ ಬಂತೆಂದರೆ ಗೂಡಿನ ಮೇಲಿನ ತಾಮ್ರದ ತಂಬಿಗೆಗಳು ತಾವಾಗಿಯೇ ಕುಣಿಯುತ್ತಿದ್ದವು.

ಹುನಗುಂದದ ಕೋರ್ಟಿಗೆ ಹೋದಾಗ ಫಜೀತಿ. ಅಲ್ಲಿ ಗಾಡಿ ನಿಲ್ಲಿಸುವ ಜಾಗ ಸಪಾಟು. ಒಮ್ಮೆ ಬೇವೂರಿನ ರೈತನೊಬ್ಬನ ವಿರುದ್ಧ ಕಾಕಾ ದಾವೆ ಗೆದ್ದು ಹೊರಗೆ ಬಂದರು. ಬಂದವರೇ ಆ ರೈತನನ್ನೇ ಕರೆದು, ಗಾಡಿ ದೂಡಲು ಹೇಳಿದರು! ಆತ ಮುಂಡಾಸು ಸರಿಮಾಡಿಕೊಂಡು ಕೇಳಿದ:

“ಏನ್ರೀ ವಕೀಲ್ರ, ನಮ್ಮನ್ನ ಸೋಲಿಸಿದಾವ್ರೂ ನೀವ, ಈಗ ದೂಡಸಾವ್ರೂ ನೀವ ಏನು?”

“ಗೆದ್ದವರು ನಕ್ಕೋತ ದೂಡತಾರಪಾ, ಗಾಡಿ ಅಲುಗಂಗಿಲ್ಲ. ಸೋತವರಿಗೆ ಸಿಟ್ಟಿರತದ. ಜೋರಿಲೆ ದೂಡತಾರ!”

ಆತ ಎಷ್ಟು ಜೋರಾಗಿ ದೂಡಿದನೆಂದರೆ, ಗಾಡಿ ಶುರುವಾದ ಮೇಲೂ ಬಹಳ ದೂರ ದೂಡುತ್ತಲೇ ಬಂದ!

ಇನ್ನು ಮಹಾಕೂಟದ ಯಾತ್ರೆ. ಪರವೂರಿನಿಂದ ಬಂದಿದ್ದ ನಮ್ಮ ಅಜ್ಜಿಯನ್ನು ದೇವರ ದರ್ಶನಕ್ಕೆಂದು ಕಾಕಾ ಕರೆದುಕೊಂಡು ಹೊರಟರು. ಏರು ಬಂದಾಗ ಗಾಡಿ ಉಸಿರು ಬಿಟ್ಟು ನಿಂತಿತು. ಕಾಕಾ ಎದೆಗುಂದುವ ಆಸಾಮಿಯೇ? ಗಾಡಿಯ ಮುಖ ತಿರುಗಿಸಿ, ಹಿಂದಿನ ಗೇರು ಹಾಕಿ, ಹಿಮ್ಮುಖವಾಗಿಯೇ ಏರು ಹತ್ತಿಸತೊಡಗಿದರು. ಹಾಗೆ ಹತ್ತಿದರೆ ಅದಕ್ಕೆ ಬಲ ಹೆಚ್ಚಂತೆ! ಎದುರಿಗೆ ಬಾದಾಮಿಯ ಗುಡ್ಡಗಳು ದೂರ ಸರಿಯುವುದನ್ನು ನೋಡುತ್ತ ಅಜ್ಜಿ ಕಂಗಾಲಾದಳು.

“ಏ, ದೇವರಿಗೆ ಬೆನ್ನು ತೋರಿಸ್ಕೋತ ಹೊಂಟೀವಲ್ಲೋ!”

“ಬರೋವಾಗ ಮುಖ ತೋರಿಸೋಣಂತ, ಸುಮ್ಮನ ಕೂಡ್ರು ಅವ್ವಾ!”

ಇಂಥ ಗಾಡಿಯನ್ನು ಬದಲಿಸಬೇಕೆಂದು ಊರೇ ಹೇಳುತ್ತಿತ್ತು. ಕಡೆಗೆ ಇಳಕಲ್ಲಿನಿಂದ ಒಂದು ಸುದ್ದಿ ಬಂತು. ಅಲ್ಲಿ ಹಳೆಯ ಮೋಟಾರು ಕೊಂಡು ಮಾರುವ ಸಾಹುಕಾರನೊಬ್ಬನ ಬಳಿ ಒಳ್ಳೆಯ ಗಾಡಿ ಬಂದಿದೆಯೆಂದೂ, ಕಾಕಾನ ಗಾಡಿ ತೆಗೆದುಕೊಂಡು, ಮೇಲೆ ಸ್ವಲ್ಪ ಹಣ ಕೊಟ್ಟರೆ ಅದನ್ನು ಕೊಡುವನೆಂದೂ.

ಅಂದು ಊಟದ ಹೊತ್ತಿಗೆ ಕಾಕಾ ಅಡಿಗೆಮನೆಯಲ್ಲೇ ಕೋರ್ಟು ಹೂಡಿದರು. ಒಮ್ಮೆ ಹೊಸ ಗಾಡಿಯ ವಕೀಲರಾಗಿ ಗುಡುಗಿದರು, ಒಮ್ಮೆ ಹಳೆಯ ಗಾಡಿಯ ವಕೀಲರಾಗಿ ಗದ್ಗದರಾದರು. ತಮ್ಮ ಮಾತಿಗೆ ತಾವೇ ಆಕ್ಷೇಪಣೆ ಎತ್ತಿದರು! ಕಡೆಗೆ, ತೀರ್ಪಿಗಾಗಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಕಾಕುವಿನ ಕಡೆಗೆ ತಿರುಗಿ, “ನಿಕಾಲು ನೀನ ಹೇಳು” ಎಂದರು.

ಕಾಕು ತಲೆ ಎತ್ತದೆ, “ಬದನಿಕಾಯಿ ಇನ್ನೊಂದಿಷ್ಟು ಹಾಕ್ಲೇನು?” ಎಂದಳು.

ಇಂಥ ನ್ಯಾಯಾಧೀಶರು ಎಲ್ಲಿ ಸಿಗುತ್ತಾರೆ! ನಾನು ನಕ್ಕೂ ನಕ್ಕೂ ಬಿಕ್ಕಿದೆ. ಕಾಕಾ ಮಾತ್ರ ನಗಲಿಲ್ಲ. “ಹಾಕು” ಎಂದು ತಟ್ಟೆ ಮುಂದೆ ಹಿಡಿದರು.

ಭಾನುವಾರ ನಾವಿಬ್ಬರೂ ಹಳೆಯ ಗಾಡಿಯಲ್ಲೇ ಇಳಕಲ್ಲಿಗೆ ಹೋದೆವು. ಸಾಹುಕಾರ ಉದಾರಿ. “ನಿಮ್ಮ ಗಾಡಿ ಇಲ್ಲೇ ಇರಲಿ, ಇವತ್ತ ಇದನ್ನ ಮನೀಗೆ ಒಯ್ದು ನೋಡ್ರಿ. ಮನಸ್ಸಿಗೆ ಬಂದ್ರ ನಾಳೆ ಮಾತಾಡೂಣು” ಎಂದು ಗಾಡಿಯನ್ನೇ ಒಪ್ಪಿಸಿಬಿಟ್ಟ. ಕಾಕಾ ಗುಂಡಿ ಒತ್ತಿದರು. ಬೆಕ್ಕು ಗುರುಗುಟ್ಟಿದಂತೆ ಸದ್ದು, ಅಷ್ಟೇ. ಗಾಡಿ ಹೊರಟೇ ಹೋಯಿತು!

ಕಾಕಾನ ಖುಷಿ ಏನು ಹೇಳಲಿ! ಅಮೀನಗಡದಲ್ಲಿ ಕರದಂಟು ಕೊಳ್ಳುವ ನೆವದಿಂದ ಬೇಕೆಂದೇ ಸಪಾಟು ನೆಲದಲ್ಲಿ ನಿಲ್ಲಿಸಿದರು. ಶುರು ಮಾಡಿದರು. ಬಂದ್ ಮಾಡಿದರು. ಮತ್ತೆ ಶುರು! ಅಂಗಡಿಯವನು ಕರದಂಟು ಕಟ್ಟುವುದನ್ನು ಬಿಟ್ಟು ನೋಡುತ್ತ ನಿಂತ. “ಯಾರೂ ದೂಡೂದ ಬ್ಯಾಡಲೇ!” ಎಂದು ಕಾಕಾ ಅವನಿಗೆ ಕೂಗಿ ಹೇಳಿದರು. ಅವನಿಗೆ ಇದೆಲ್ಲ ಏನು ಗೊತ್ತು, ಪಾಪ! ದಾರಿಯುದ್ದಕ್ಕೂ ಕಾಕಾ ಹಾಡುತ್ತಲೇ ಬಂದರು. ಅವರ ಹಾಡು ನನಗೆ ಅಂದೇ ಮೊದಲು ಕೇಳಿಸಿದ್ದು. ಇಷ್ಟು ದಿನ ಹಳೆಯ ಗಾಡಿ ಕೇಳಗೊಟ್ಟಿರಲಿಲ್ಲ.

ಇಳಿಹೊತ್ತಿಗೆ ಮನೆ ಮುಟ್ಟಿದೆವು. ಕಾಕು ಕಟ್ಟೆಯ ಮೇಲೆ ರಸ್ತೆಗೆ ಬೆನ್ನು ಮಾಡಿ ಕುಳಿತು, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗಾಡಿ ಅವಳ ಬೆನ್ನಿಗೇ ಬಂದು ನಿಂತಿತು. ಅವಳು ತಿರುಗಲಿಲ್ಲ. ಕಾಕಾ ಹಾರ್ನು ಒತ್ತಿದರು. ತಿರುಗಲಿಲ್ಲ. ಎದುರುಮನೆಯವರೆಲ್ಲ ಹೊರಗೆ ಬಂದರು. ಕಾಕು ಮಾತ್ರ ಒಂದೊಂದೇ ಹರಳು ಆರಿಸಿ ಬದಿಗೆ ಇಡುತ್ತಿದ್ದಳು.

ನಾನು ಕೂಗಲು ಬಾಯಿ ತೆರೆದೆ. ಕಾಕಾ ನನ್ನ ತೊಡೆಯ ಮೇಲೆ ಕೈಯಿಟ್ಟರು.

“ಒದರಬ್ಯಾಡ. ಆಕೀಗೆ ಕೇಳಸಂಗಿಲ್ಲ.”

“ಯಾವಾಗಿಂದ, ಕಾಕಾ?”

“ಭಾಳ ದಿನ ಆತು. ಆಕಿ ಯಾರಿಗೂ ಹೇಳಿಲ್ಲ. ನನಗೂ ಹೇಳಿಲ್ಲ. ನಾನೂ ಕೇಳಿಲ್ಲ.”

ಅವರು ಮೆಲ್ಲಗೆ ಇಳಿದರು. ಹಿಂದಿನಿಂದ ಮುಟ್ಟಿದರೆ ಬೆಚ್ಚುತ್ತಾಳೆಂದು, ಕಟ್ಟೆಯನ್ನು ಸುತ್ತು ಹಾಕಿ ಅವಳ ಕಣ್ಣೆದುರಿಗೆ ಬಂದು ನಿಂತರು. ಆದರೂ ಅವಳು ಬೆಚ್ಚಿದಳು. ಮೊರ ಓರೆಯಾಗಿ ಜೋಳವೆಲ್ಲ ಚೆಲ್ಲಿತು.

“ಅಯ್ಯ! ಯಾವಾಗ ಬಂದ್ರಿ? ನನಗ ಗೊತ್ತ ಆಗ್ಲಿಲ್ಲಲ್ಲ!” ಎಂದಳು. ಮುಖದಲ್ಲಿ ತಪ್ಪು ಮಾಡಿ ಸಿಕ್ಕವಳ ಅಂಜಿಕೆ.

“ಈಗ ಬಂದೆ” ಎಂದು ಕಾಕಾ ಪಂಚೆ ಎತ್ತಿ ಕುಕ್ಕರಗಾಲಲ್ಲಿ ಕುಳಿತು ಜೋಳ ಬಳಿಯತೊಡಗಿದರು.

ಮರುದಿನ ಇಳಕಲ್ಲಿನಲ್ಲಿ ಕಾಕಾ ಹೊಸ ಗಾಡಿಯನ್ನು ಮರಳಿ ಒಪ್ಪಿಸಿದಾಗ ಸಾಹುಕಾರ ಗಾಬರಿಯಾದ. “ಯಾಕ್ರೀ ವಕೀಲ್ರ, ಏನರ ಐಬು ಐತೇನ್ರಿ?”

“ಐಬು ಏನಿಲ್ಲ ಸಾಹುಕಾರ್ರ. ಗಾಡಿ ಬಂಗಾರ ಅದ. ಸಪ್ಪಳ ಕಡಿಮಿ ಆತು.”

ಆ ಸಾಹುಕಾರ ಬದುಕಿರುವವರೆಗೂ ನಮ್ಮ ಕಾಕಾನಿಗೆ ತಲೆ ಕೆಟ್ಟಿದೆಯೆಂದೇ ನಂಬಿದ್ದನಂತೆ.

ಬಸ್ ಸ್ಟ್ಯಾಂಡಿನ ಹಮಾಲರೆಲ್ಲ ಸೇರಿ ಹಳೆಯ ಗಾಡಿಯನ್ನು ದೂಡಿಕೊಟ್ಟರು. ಅದು ಗುಡುಗುತ್ತ, ಕೆಮ್ಮುತ್ತ ಬಾಗಲಕೋಟೆ ಮುಟ್ಟಿತು. ಓಣಿ ತಿರುಗಿದಾಗ ನೋಡಿದೆ. ಕಾಕು ಆಗಲೇ ಹೊಸ್ತಿಲಾಚೆ ಬಂದು, ಒಂದು ಅಂಗೈಯನ್ನು ಬಾಗಿಲ ಚೌಕಟ್ಟಿಗೆ ಊರಿ ನಿಂತಿದ್ದಳು. ಕಟ್ಟಿಗೆ ಅದುರುವುದು ಅವಳ ಕೈಗೆ ತಿಳಿಯುತ್ತಿತ್ತು. ನಾವು ಹತ್ತಿರ ಬಂದಂತೆಲ್ಲ ಅವಳ ಮುಖ ಅರಳುತ್ತ ಹೋಯಿತು.

“ನೀವು ಬರೂದು ನನಗ ಗೊತ್ತಾತು ನೋಡ್ರಿ!” ಎಂದು ಅವಳು ದೂರದಿಂದಲೇ ಕೂಗಿದಳು.