ನನ್ನ ತಮ್ಮನ ಕಣಗಳಿಗೆ ಬುದ್ಧಿ ಹೇಳುತ್ತಿರುವ ಯಂತ್ರದವರಿಗೆ

ಮಾನ್ಯರೇ,

ಆಸ್ಪತ್ರೆಯ ಮೂರನೇ ಮಹಡಿಯ ಮೂಲೆ ಕೋಣೆಯಲ್ಲಿ, ಒಂದು ಚಕ್ರಕ್ಕೆ ಮಡಚಿದ ರಟ್ಟಿನ ಒತ್ತು ಕೊಡಿಸಿಕೊಂಡು ನಿಂತಿರುವ ತಮಗೆ, ಕಿಟಕಿ ಪಕ್ಕದ ಕುರ್ಚಿಯವಳು ಮಾಡುವ ವಿನಯಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಮೊನ್ನೆ ತಮ್ಮ ಪಂಪು ಗೊರಗೊರ ಎಂದದ್ದು ಕೇಳಿ ಸ್ವಲ್ಪ ಆತಂಕವಾಗಿತ್ತು. ರಿಪೇರಿಯವರು ಬಂದು ಬೆನ್ನಿಗೆ ಎರಡು ಏಟು ಕೊಟ್ಟ ಮೇಲೆ ಸರಿಹೋದಿರಿ ಎಂದು ತಿಳಿದು ನೆಮ್ಮದಿಯಾಯಿತು. ನನ್ನ ವಿಷಯದಲ್ಲಿ ವೈದ್ಯರು ಇಷ್ಟು ಸುಲಭದ ಉಪಾಯವನ್ನು ಇನ್ನೂ ಕಂಡುಕೊಂಡಿಲ್ಲ.

ಯಂತ್ರಕ್ಕೆ ಪತ್ರ ಬರೆಯುವುದು ಸರಿಯೇ ಎಂದು ನಾನೂ ಯೋಚಿಸಿದೆ. ವಿಭಾಗದ ಮುಖ್ಯಸ್ಥರಿಗೆ ಬರೆಯಬಹುದಿತ್ತು, ಆದರೆ ಅವರು ನನ್ನ ರಕ್ತವನ್ನು ಎಂದೂ ಕೈಯಲ್ಲಿ ಹಿಡಿದವರಲ್ಲ. ತಾವು ಎರಡು ವಾರಕ್ಕೊಮ್ಮೆ ಅದನ್ನು ಹೊರಗೆಳೆದು, ಗಿರಗಿರನೆ ತಿರುಗಿಸಿ, ಸೋಸಿ, ಬೆಳಕಿಗೆ ಹಿಡಿದು, ನನಗೇ ಹಿಂತಿರುಗಿಸುತ್ತೀರಿ. ಇಷ್ಟು ಸಲಿಗೆ ಬೆಳೆದ ಮೇಲೆ ಒಂದು ಕಾಗದ ಬರೆಯುವುದು ಅಧಿಕಪ್ರಸಂಗವಾಗಲಾರದು ಎಂದುಕೊಂಡೆ.

ತಮಗೆ ನನ್ನ ರಕ್ತದ ಪರಿಚಯವಿದೆ, ನನ್ನ ಪರಿಚಯವಿಲ್ಲ. ನಾನು ಹಲ್ಲಿನ ಡಾಕ್ಟರು. ಇಪ್ಪತ್ತು ವರ್ಷಗಳಿಂದ ಬೇರೆಯವರ ಬಾಯಿ ತೆರೆಸಿ ನೋಡಿಯೇ ಅನ್ನ ತಿಂದವಳು. ಎರಡು ವರ್ಷದ ಹಿಂದೆ ನನ್ನ ರಕ್ತಕ್ಕೆ ಕ್ಯಾನ್ಸರ್ ಬಂತು. ಅದು ಔಷಧಿಗೆ ಬಗ್ಗದಿದ್ದಾಗ ನನ್ನ ಮೂಳೆಯೊಳಗಿನ ಮಜ್ಜೆಯನ್ನು ಪೂರ್ತಿ ಖಾಲಿ ಮಾಡಿ, ಆ ಜಾಗಕ್ಕೆ ನನ್ನ ಒಡಹುಟ್ಟಿದವನ ಕಣಗಳನ್ನು ತಂದು ತುಂಬಿದರು. ಕ್ಯಾನ್ಸರ್ ಹೋಯಿತು, ಅವನು ಉಳಿದುಕೊಂಡ. ಅವನು ಬೇಕರಿ ನಡೆಸುತ್ತಾನೆ. ನನಗಿಂತ ಮೂರು ವರ್ಷ ಚಿಕ್ಕವನು. ಮನೆಯಲ್ಲಿ ಅವನನ್ನು ಮೊಂಡ ಎಂದೇ ಕರೆಯುವುದು, ಕಾರಣ ಕೇಳಿದವರು ಅವನ ಜೊತೆ ಐದು ನಿಮಿಷ ಮಾತಾಡಿದರೆ ಸಾಕು. ಈಗ ನನ್ನ ರಕ್ತದ ಗುಂಪು ಮೊಂಡನದು. ಸೂಕ್ಷ್ಮವಾಗಿ ಪರೀಕ್ಷಿಸಿದರೆ ನನ್ನ ರಕ್ತ ಗಂಡಸಿನದೆಂದೇ ತೋರುತ್ತದಂತೆ. ಇದನ್ನು ಅಮ್ಮನಿಗೆ ಹೇಳಿದಾಗ ಅವರು, "ಅದಕ್ಕೇ ಈಚೆಗೆ ಒದ್ದೆ ಟವೆಲ್ಲು ಹಾಸಿಗೆ ಮೇಲೆ ಎಸೀತಿದೀಯ" ಎಂದರು.

ಬಂದವರು ಬಂದ ಹಾಗೆ ಸುಮ್ಮನಿದ್ದಿದ್ದರೆ ಈ ಪತ್ರದ ಅಗತ್ಯ ಬೀಳುತ್ತಿರಲಿಲ್ಲ. ಕೆಲವು ತಿಂಗಳಲ್ಲಿ ಮೊಂಡನ ಬಿಳಿ ರಕ್ತಕಣಗಳು ಹೊಸ ಮನೆಯನ್ನು ಸುತ್ತಿ ನೋಡಿ, ಇಲ್ಲಿರುವವರಾರೂ ನಮ್ಮವರಲ್ಲ ಎಂದು ತೀರ್ಮಾನಿಸಿ, ನನ್ನ ಚರ್ಮದ ಮೇಲೂ ಬಾಯಿಯೊಳಗೂ ದಾಳಿ ಶುರುಮಾಡಿದವು. ಉಂಡ ಮನೆಗೆ ಎರಡು ಬಗೆಯುವವರ ಬಗ್ಗೆ ಕೇಳಿದ್ದೆ. ಮೂಳೆಯೊಳಗೇ ಕೂತು ಉಂಡು ಎರಡು ಬಗೆಯುವುದನ್ನು ಈಗ ಕಂಡೆ. ಆಸ್ಪತ್ರೆಯವರು ಇದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರು ಹೇಳುತ್ತಾರೆ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲೇ, ಆದರೂ ದಾಯಾದಿ ಕಲಹ ಎಂಬ ನಮ್ಮ ಮಾತಿನಷ್ಟು ನಿಖರ ಅದು ಅಲ್ಲ ಅನಿಸುತ್ತದೆ.

ಆ ಕಲಹದ ಫಲವಾಗಿ ನನ್ನ ಚರ್ಮ ಬಿಗಿದ ಡೋಲಿನಂತಾಯಿತು. ಬೆರಳುಗಳು ಮಡಚಲೊಲ್ಲವು. ಒಬ್ಬ ಮನುಷ್ಯನ ಬಾಯಿಯಲ್ಲಿ ಅವನದೇ ಮೂರು ಬೆರಳು ಒಂದರ ಮೇಲೊಂದು ಹಿಡಿಸಬೇಕು ಎನ್ನುವುದು ನಮ್ಮ ವೃತ್ತಿಯ ಸರಳ ಅಳತೆ. ನನ್ನ ಬಾಯಲ್ಲಿ ಒಂದೂವರೆ ಹಿಡಿಯುತ್ತಿತ್ತು. "ಇನ್ನೂ ಸ್ವಲ್ಪ ದೊಡ್ಡದಾಗಿ ತೆಗೀರಿ" ಎಂದು ಊರವರಿಗೆಲ್ಲ ಹೇಳುತ್ತಿದ್ದವಳು ಕನ್ನಡಿಯ ಮುಂದೆ ನಿಂತು ಆ ಮಾತನ್ನು ನನಗೇ ಹೇಳಿಕೊಂಡೆ, ಪಾಲಿಸಲಾಗಲಿಲ್ಲ. ಕ್ಲಿನಿಕ್ಕಿನ ಕುರ್ಚಿಗೆ ಬಿಳಿ ಹೊದಿಕೆ ಹೊದಿಸಿ ಬೀಗ ಹಾಕಿ ಬಂದೆ. ತಮ್ಮ ಪ್ರಯತ್ನ ಫಲಿಸಿದರೆ ಹೊದಿಕೆ ತೆಗೆಯುತ್ತೇನೆ, ಫಲಿಸದಿದ್ದರೆ ಕುರ್ಚಿಯನ್ನೇ ಮಾರುತ್ತೇನೆ. ನಮ್ಮಿಬ್ಬರ ನಡುವಿನ ವ್ಯವಹಾರ ಇಷ್ಟೇ.

ತಮ್ಮ ಕಾರ್ಯವೈಖರಿಯನ್ನು ಹೊಗಳದೆ ದೂರಿಗೆ ಹೋಗುವುದು ಕೃತಘ್ನತೆಯಾದೀತು. ಬೇರೆ ಔಷಧಿಗಳು ಜಗಳ ನಿಲ್ಲಿಸಲು ಇಡೀ ಓಣಿಗೇ ಕರ್ಫ್ಯೂ ಹಾಕುತ್ತವೆ. ಆಮೇಲೆ ಒಂದು ಸೀನು ಬಂದರೂ ಎದುರಿಸುವವರು ಯಾರೂ ಬೀದಿಯಲ್ಲಿರುವುದಿಲ್ಲ. ತಾವಾದರೋ ಬಿಳಿ ಕಣಗಳನ್ನಷ್ಟೇ ಬೇರೆ ಮಾಡಿ, ಬೆಳಕು ಬಿದ್ದಾಗ ಮಾತ್ರ ಎಚ್ಚರಗೊಳ್ಳುವ ಔಷಧಿಯನ್ನು ಅವಕ್ಕೆ ಬೆರೆಸಿ, ನೇರಳೆ ಬೆಳಕಿನ ಎದುರು ತೆಳುವಾಗಿ ಹರಿಸಿ, ಮತ್ತೆ ನನ್ನ ತೋಳಿಗೇ ಕಳಿಸುತ್ತೀರಿ. ಮುಂದೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ ವೈದ್ಯರು ತಲೆ ಕೆರೆದುಕೊಂಡು, "ಬೆಳಕು ತಾಗಿದವು ಮೆಲ್ಲಗೆ ಸಾಯ್ತವೆ, ಅದನ್ನ ಕಂಡು ಉಳಿದವು ತಣ್ಣಗಾಗ್ತವೆ, ಯಾಕೆ ಹಾಗೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ" ಎಂದರು. ಹಾವೂ ಸಾಯದೆ ಕೋಲೂ ಮುರಿಯದೆ ಕೆಲಸ ಮಾಡುವ ಇಂಥ ಪಂಚಾಯಿತಿ ಮುಖ್ಯಸ್ಥರನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ದೊಡ್ಡಪ್ಪ ಚಿಕ್ಕಪ್ಪಂದಿರು ಗೋಡೆಗಾಗಿ ಕಚ್ಚಾಡುತ್ತಿದ್ದ ಕಾಲದಲ್ಲಿ ತಾವು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅಮ್ಮ ಈಗಲೂ ಹಲುಬುತ್ತಾರೆ.

ಸಣ್ಣಪುಟ್ಟ ಕುಂದುಗಳನ್ನು ನಾನು ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಮೊಣಕೈ ಒಂದಿಷ್ಟು ಮಡಚಿದರೆ ಕೂಗುತ್ತೀರಿ, ಚೀಲ ತುಂಬಿದರೂ ಕೂಗುತ್ತೀರಿ, ಕೆಲಸ ಸುಸೂತ್ರವಾಗಿ ಮುಗಿದರೂ ಅದೇ ಸ್ವರದಲ್ಲೇ ಕೂಗುತ್ತೀರಿ; ತಮಗೆ ಸಂತೋಷವಾಗಿದೆಯೋ ಸಿಟ್ಟು ಬಂದಿದೆಯೋ ತಿಳಿಯಲು ಪ್ರತಿ ಸಲ ನರ್ಸಮ್ಮ ಓಡಿ ಬರಬೇಕು. ಬೆಳಕಿನಿಂದಲೇ ಗುಣಪಡಿಸಿ, ಹೋಗುವಾಗ ಒಂದು ದಿನ ಬೆಳಕಿಗೆ ಕಾಲಿಡಬೇಡ ಎಂದು ಕಪ್ಪು ಕನ್ನಡಕ ಹಾಕಿಸಿ ಕಳಿಸುತ್ತೀರಿ. ಆ ಕನ್ನಡಕದಲ್ಲಿ, ಪರದೆ ಎಳೆದ ಮನೆಯೊಳಗೆ ತರಕಾರಿ ಹೆಚ್ಚುತ್ತಾ ಕೂತ ನನ್ನನ್ನು ಕಂಡು ಮೇಲಿನ ಮನೆಯ ಮಗು, "ಆಂಟಿ, ನೀವು ಯಾರನ್ನ ಹಿಡಿಯೋಕೆ ಕಾಯ್ತಿದೀರಿ" ಎಂದು ಪಿಸುಗುಟ್ಟಿತು. ಇವೆಲ್ಲ ಇರಲಿ.

ನನ್ನ ನಿಜವಾದ ದೂರು ಮೊಂಡನಿಗೆ ಸಂಬಂಧಿಸಿದ್ದು.

ವೈದ್ಯರು ನನ್ನ ಕಾಯಿಲೆಯನ್ನು ವಿವರಿಸಿದ ದಿನ ಅವನು ನನ್ನ ಪಕ್ಕದಲ್ಲೇ ಕೂತಿದ್ದ. "ನಿಮ್ಮ ತಮ್ಮನ ಕಣಗಳು ನಿಮ್ಮ ಮೇಲೆ ದಾಳಿ ಮಾಡ್ತಿವೆ" ಎಂದು ಅವರು ಸಹಜವಾಗಿ ಹೇಳಿಬಿಟ್ಟರು. ಮೊಂಡ ಅದನ್ನು ಮನಸ್ಸಿಗೆ ಹಚ್ಚಿಕೊಂಡ. ಹೊರಗೆ ಬಂದು ಲಿಫ್ಟಿನ ಮುಂದೆ ನಿಂತು, "ಸಾರಿ ಅಕ್ಕ" ಎಂದ. ಮಾನ್ಯರೇ, ಇದರ ತೂಕ ತಮಗೆ ತಿಳಿಯಲಿಕ್ಕಿಲ್ಲ. ಇವನು ನನ್ನ ಸೈಕಲ್ಲನ್ನು ಬಾವಿಕಟ್ಟೆಗೆ ಗುದ್ದಿ ಹಾಳುಮಾಡಿದಾಗ, ಬಾವಿಕಟ್ಟೆ ಅಡ್ಡ ಬಂತು ಎಂದವನು. ನಾನು ಮಳೆ ಬರುತ್ತಿದೆ ಎಂದರೆ ನೆನೆದುಕೊಂಡೇ ಬಿಸಿಲು ಎನ್ನುತ್ತಿದ್ದವನು. ಫ್ಯಾನಿನ ವೇಗದ ವಿಷಯದಲ್ಲಿ ನಮ್ಮಿಬ್ಬರಿಗೆ ಬಾಲ್ಯದಿಂದ ಇಂದಿನವರೆಗೆ ಒಮ್ಮತ ಬಂದಿರಲಿಲ್ಲ.

ಅಂಥವನು ಅಂದಿನಿಂದ ನನಗೆ ಎದುರಾಡುವುದನ್ನೇ ಬಿಟ್ಟ. ತಮ್ಮ ಬಳಿಗೆ ನನ್ನನ್ನು ಕರೆತಂದು, ಪಕ್ಕದ ಸ್ಟೂಲಿನಲ್ಲಿ ಕೈಕಟ್ಟಿ ಕೂತು, ಕೊಳವೆಯಲ್ಲಿ ಹರಿಯುವ ತನ್ನ ರಕ್ತದ ಕಡೆ ತಪ್ಪಿತಸ್ಥನಂತೆ ನೋಡುತ್ತಾ, ಆಗಾಗ ಇನ್ನೊಂದು "ಸಾರಿ ಅಕ್ಕ" ಎನ್ನುತ್ತಿದ್ದ. ಮೊದಲ ಎರಡು ವಾರ ನನಗೆ ಖುಷಿಯೇ ಆಯಿತು. ಆಮೇಲೆ ಆ ಮೌನ ಯಾಕೋ ಭಾರವಾಗತೊಡಗಿತು. ಪರೀಕ್ಷಿಸಲೆಂದು ಒಂದು ದಿನ, ನಿನ್ನ ಬ್ರೆಡ್ಡು ಈಚೆಗೆ ಒಣಗಿದ ಹಾಗಿರುತ್ತೆ ಎಂದೆ. ಅದು ಸುಳ್ಳು. ಅವನು ತಲೆ ತಗ್ಗಿಸಿ, "ಇರಬಹುದಕ್ಕ" ಎಂದ. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ಅವನ ಹಣೆ ಮುಟ್ಟಿ ನೋಡಿದರು. ಆವತ್ತು ನನಗೆ ಹೊಳೆದದ್ದು ಇದು: ಇವನು ನನ್ನ ಜೊತೆ ಜಗಳವಾಡದಿರುವುದು, ನಾನು ಉಳಿಯುವುದಿಲ್ಲವೆಂದು ಒಳಗೊಳಗೇ ಲೆಕ್ಕ ಹಾಕಿಬಿಟ್ಟಿರುವುದರಿಂದ. ಇನ್ನಷ್ಟು ದಿನ ಇರುವವರೊಡನೆ ಯಾರೂ ಇಷ್ಟು ಮರ್ಯಾದೆಯಿಂದ ನಡೆದುಕೊಳ್ಳುವುದಿಲ್ಲ.

ತಾವು ನನ್ನೊಳಗಿನ ಮೊಂಡನಿಗೆ ಬುದ್ಧಿ ಹೇಳಲು ನೇಮಕಗೊಂಡವರು. ಹೊರಗಿನ ಮೊಂಡನನ್ನೂ ತಣ್ಣಗಾಗಿಸಲು ತಮಗೆ ಅಧಿಕಾರ ಕೊಟ್ಟವರಾರು?

ಇನ್ನು ಹೋದ ವಾರದ ಘಟನೆ. ತಮ್ಮ ಬಳಿಗೆ ಬರುವ ದಿನ ಬೆಣ್ಣೆ, ಎಣ್ಣೆ, ಕರಿದದ್ದು ತಿನ್ನಬಾರದೆಂದು ತಮ್ಮ ಕಟ್ಟಪ್ಪಣೆ. ತಿಂದರೆ ರಕ್ತದ ತಿಳಿನೀರು ಹಾಲಿನಂತಾಗಿ ತಮ್ಮ ಕಣ್ಣಿಗೆ ಏನೂ ಕಾಣದು. ಇದಕ್ಕಾಗಿ ಮೊಂಡ ಬೆಣ್ಣೆಯಿಲ್ಲದ ಕೇಕೊಂದನ್ನು ಕಂಡುಹಿಡಿದಿದ್ದ. ಅದನ್ನು ತಿಂದಾಗ ನನಗೆ ಕ್ಲಿನಿಕ್ಕಿನ ಕುರ್ಚಿಯ ಒಳಗಿನ ಸ್ಪಂಜು ನೆನಪಾಯಿತು, ಆದರೆ ಅವನ ಮುಖ ನೋಡಿ ಚೆನ್ನಾಗಿದೆ ಎಂದೆ. ಹೀಗೆ ನಾವಿಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಳ್ಳುತ್ತಾ ಸಭ್ಯರಾಗುತ್ತಿದ್ದೆವು. ಹೋದ ವಾರ ಅವನನ್ನು ಕರೆದುಕೊಂಡು ಬರಲು ಬೇಕರಿಗೆ ಹೋದಾಗ ಅವನು ಒಳಗೆ ಏಪ್ರನ್ ಬಿಚ್ಚುತ್ತಿದ್ದ. ಗಾಜಿನ ಕಪಾಟಿನಲ್ಲಿ ಬೆಣ್ಣೆ ಕೇಕುಗಳು ಬಿಸಿಯಾಗಿ ಕೂತಿದ್ದವು. ನಾನು ವಿದ್ಯಾವಂತೆ, ವೈದ್ಯೆ, ನಲವತ್ತು ದಾಟಿದವಳು. ಒಂದನ್ನು ಚೂರು ಚೂರು ಮಾಡಿ, ತೆರೆದಷ್ಟು ಬಾಯಿಯೊಳಗೆ ತುರುಕಿಕೊಂಡೆ.

ತಾವು ರಕ್ತ ಎಳೆದುಕೊಂಡು, ಸ್ವಲ್ಪ ತಿರುಗಿಸಿ, ಎಂದಿಲ್ಲದ ಹಾಗೆ ಅರಚಿದಿರಿ. ನರ್ಸಮ್ಮ ಬಂದು ನೋಡಿ, "ಮೇಡಂ, ಬೆಳಗ್ಗೆ ಏನು ತಿಂದ್ರಿ?" ಎಂದು ಕೇಳಿದರು. ಹಲ್ಲುಜ್ಜದೆ ಬಂದು ದಿನಕ್ಕೆರಡು ಸಲ ಉಜ್ಜುತ್ತೇವೆ ಎನ್ನುವವರನ್ನು ಇಪ್ಪತ್ತು ವರ್ಷ ಕಂಡವಳು, ಅವರದೇ ದನಿಯಲ್ಲಿ, "ಬರೀ ಬ್ರೆಡ್ಡು" ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ತಾನಾಗಿ ತುಟಿ ಒರೆಸಿಕೊಂಡಿತು. ಮೊಂಡ ಎದ್ದು ಬಂದ. ಕೊಳವೆಯಲ್ಲಿ ಬೆಳ್ಳಗೆ ನಿಂತಿದ್ದ ನೀರನ್ನು ಬಗ್ಗಿ ನೋಡಿದ. ನನ್ನ ಕಾಲರಿನ ಮೇಲಿದ್ದ ಒಂದು ಚೂರನ್ನು ಬೆರಳಿನಿಂದ ತೆಗೆದು ಉಜ್ಜಿ ನೋಡಿದ.

"ಬ್ರೆಡ್ಡಿಗೆ ಇಷ್ಟು ಬೆಣ್ಣೆ ಯಾವ ಬೇಕರಿಯವನೂ ಹಾಕಲ್ಲ ಅಕ್ಕ. ಹಾಕಿದ್ರೆ ಅವನು ಬಾಗಿಲು ಮುಚ್ಕೊಂಡು ಹೋಗ್ಬೇಕಾಗುತ್ತೆ."

ಅಲ್ಲಿಂದ ಶುರುವಾಯಿತು. ನಿನಗೆ ತಲೆ ಇಲ್ವಾ ಎಂದ. ಊರಿಗೆಲ್ಲ ಸಿಹಿ ತಿನ್ನಬೇಡಿ ಅಂತೀಯ, ನಿನಗೆ ನಾಚಿಕೆ ಇಲ್ವಾ ಎಂದ. ನಾನು, ನಿನ್ನ ಬೆಣ್ಣೆಯಿಲ್ಲದ ಕೇಕು ಮನುಷ್ಯರು ತಿನ್ನುವಂಥದ್ದಲ್ಲ ಎಂದೆ. ಹಾಗಾದ್ರೆ ಚೆನ್ನಾಗಿದೆ ಅಂತ ಯಾಕಂದೆ ಎಂದ. ನೀನು ಸತ್ತವರ ಮನೆಗೆ ಬಂದವನ ಥರ ಕೂತಿದ್ದೆ, ಇನ್ನೇನನ್ನಲಿ ಎಂದು ನಾನು ಕೂಗಿದೆ. ಅವನು, "ಸಾಯೋಳು ಬೆಣ್ಣೆ ಕೇಕು ಕದೀತಾಳಾ, ಬದುಕೋ ಆಸೆ ಇರೋಳೇ ಕದಿಯೋದು. ಇರೋ ಆಸೆ ಇದ್ರೆ ನೆಟ್ಟಗೆ ಇರು" ಎಂದು ಇಡೀ ಮಹಡಿಗೆ ಕೇಳುವ ಹಾಗೆ ಕಿರುಚಿದ. ಎದುರು ಕುರ್ಚಿಯ ಅಜ್ಜ ಕಿವಿಯ ಯಂತ್ರವನ್ನು ಸರಿಮಾಡಿಕೊಂಡು ನಮ್ಮ ಕಡೆ ತಿರುಗಿ ಕೂತರು.

ಅವನಿಗೆ ತಕ್ಕ ಉತ್ತರ ಕೊಡಲು ಬಾಯಿ ತೆರೆದ ನಾನು ಅಲ್ಲೇ ನಿಂತುಬಿಟ್ಟೆ. ತೆರೆದದ್ದು ಸ್ವಲ್ಪ ಹೆಚ್ಚಾಯಿತೇನೋ ಅನಿಸಿತು. ವೃತ್ತಿಯ ಅಭ್ಯಾಸಬಲದಿಂದ ಖಾಲಿಯಿದ್ದ ಕೈಯ ಬೆರಳುಗಳನ್ನು ಒಳಗೆ ಇಟ್ಟು ಅಳೆದೆ. ಎರಡು ಸಲೀಸಾಗಿ ಹೋದವು. ಮೂರನೆಯದು ಉಗುರಿನವರೆಗೆ ಹೋಗಿ ನಿಂತಿತು. "ಮಾತಾಡ್ತಾ ಇದ್ರೆ ಬಾಯಿಗೆ ಕೈ ತುರುಕ್ಕೋತಾಳೆ ನೋಡಿ" ಎಂದು ಮೊಂಡ ನರ್ಸಮ್ಮನಿಗೆ ದೂರು ಹೇಳಿದ. ನನಗೆ ಉತ್ತರ ಕೊಡಲು ಆಗಲಿಲ್ಲ, ಬಾಯಿ ತುಂಬಾ ಬೆರಳಿತ್ತು.

ಈ ಸುಧಾರಣೆಯ ಶ್ರೇಯಸ್ಸು ಯಾರಿಗೆ ಸಲ್ಲಬೇಕು ಎನ್ನುವುದರ ಬಗ್ಗೆ ಮನೆಯಲ್ಲಿ ಈಗ ತೀವ್ರ ಭಿನ್ನಾಭಿಪ್ರಾಯವಿದೆ. ವೈದ್ಯರು ಯಂತ್ರವಾದ ತಮಗೇ ಸಲ್ಲಬೇಕೆನ್ನುತ್ತಾರೆ. ತಿಂಗಳುಗಟ್ಟಲೆ ತಾವು ಮಾಡಿದ ಕೆಲಸ ಈಗ ಕಾಣುತ್ತಿದೆಯಂತೆ. ಮೊಂಡ ತನ್ನ ಬೈಗುಳಕ್ಕೆ ಸಲ್ಲಬೇಕೆನ್ನುತ್ತಾನೆ. ಅಮ್ಮ ಬೆಣ್ಣೆಗೆ ಎನ್ನುತ್ತಾರೆ. ನಾನು ಯಾವ ಪಕ್ಷವನ್ನೂ ಸೇರಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಅಲ್ಪವೇ. ನನ್ನ ಚರ್ಮದೊಳಗಿನ ಜಗಳವನ್ನು ಮುಗಿಸುವಾಗ ಊಟದ ಮೇಜಿನ ಜಗಳಕ್ಕೆ ಧಕ್ಕೆ ತಗುಲದಂತೆ ಬೆಳಕನ್ನು ಒಂದಿಷ್ಟು ಓರೆಮಾಡಿ ಹಿಡಿಯಬೇಕು. ಮೊಂಡನ ಕಣಗಳಿಗೆ ಇದು ಅಕ್ಕನ ಮನೆ, ನಮ್ಮದೇ ಮನೆ ಎಂದು ತಿಳಿಹೇಳಬೇಕು. ಆದರೆ ಫ್ಯಾನಿನ ವೇಗದ ವಿಷಯದಲ್ಲಿ ಅವು ತಮ್ಮ ಅಭಿಪ್ರಾಯವನ್ನು ಬದಲಿಸುವುದು ಬೇಡ, ನಾನೂ ಬದಲಿಸುವವಳಲ್ಲ. ವರ್ಷಕ್ಕೊಂದು ಬೆಣ್ಣೆ ಕೇಕನ್ನು ಕಂಡೂ ಕಾಣದ ಹಾಗಿರಲು ತಮ್ಮ ಕಣ್ಣಿಗೆ ಅಭ್ಯಾಸ ಮಾಡಿಸಬೇಕು. ಮೂರನೆಯ ಬೆರಳು ಪೂರ್ತಿ ಹಿಡಿಯುವ ದಿನವನ್ನು ಮುಂಚಿತವಾಗಿ ತಿಳಿಸಿದರೆ, ಕುರ್ಚಿಯ ಹೊದಿಕೆ ತೆಗೆದು ಧೂಳು ಒರೆಸಿಡುತ್ತೇನೆ. ಮೊದಲ ರೋಗಿ ಆಗಲೇ ಗೊತ್ತಾಗಿದ್ದಾನೆ. ಅವನ ಬಲಗಡೆಯ ದವಡೆ ಹಲ್ಲೊಂದು ಎಷ್ಟೋ ವರ್ಷದಿಂದ ಹುಳುಕಾಗಿದೆ, ಹುಳುಕಾಗಿಲ್ಲವೆಂದು ಅವನು ವಾದಿಸುತ್ತಾ ಬಂದಿದ್ದಾನೆ.

ಎರಡು ಕೊಳವೆಗಳ ಮೂಲಕ ತಮಗೆ ಬದ್ಧಳಾಗಿರುವ,
ತಮ್ಮ ವಿಶ್ವಾಸಿ,
ಕಿಟಕಿ ಪಕ್ಕದ ಕುರ್ಚಿಯವಳು

ಮರೆತ ಮಾತು: ಈ ಪತ್ರವನ್ನು ಮೊಂಡ ಓದಿದ. ತಾನು ಜೀವಮಾನದಲ್ಲಿ ಯಾರಿಗೂ "ಸಾರಿ" ಎಂದವನೇ ಅಲ್ಲವಂತೆ. ಔಷಧಿಯ ಮಂಪರಿನಲ್ಲಿ ನನಗೆ ಹಾಗೆ ಕೇಳಿಸಿರಬೇಕಂತೆ. ಸೈಕಲ್ಲಿನ ವಿಷಯದಲ್ಲಿ ಬಾವಿಕಟ್ಟೆಯದೇ ತಪ್ಪಂತೆ. ತಾವು ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡವರು, ಆದರೂ ತಮ್ಮನ್ನು ಸಾಕ್ಷಿಗೆ ಕರೆಯಲಾರೆ. ಹೌದೆಂಬುದನ್ನೂ ಇಲ್ಲವೆಂಬುದನ್ನೂ ಒಂದೇ ಸ್ವರದಲ್ಲಿ ಕೂಗುವವರ ಮಾತನ್ನು ಅವನು ಒಪ್ಪುವುದಿಲ್ಲ.