ಕ್ಯಾಸೆಟ್ಟಿನ ಗಿಳಿಯವರು ‘ಪನ್ನಿ’ ಎಂದು ಕರೆದದ್ದು

ಟಿ. ನಗರ, ಮದರಾಸು, ೧೯೮೭

ವಡಪಳನಿಯ ಪಂಚವರ್ಣ ಕಾರ್ಟೂನ್ ಸ್ಟುಡಿಯೋದ ವೀಡಿಯೊ ಕ್ಯಾಸೆಟ್ಟುಗಳ ಆರಂಭದಲ್ಲಿ ದರ್ಶನ ಕೊಡುತ್ತಿದ್ದ ಹಸಿರು ಗಿಳಿಯವರಿಗೆ ರಮಾಬಾಯಿಯ ಅನಂತ ನಮಸ್ಕಾರಗಳು.

ಮಾನ್ಯರೇ,

ಇಲ್ಲಿ ನಾವೆಲ್ಲ ಕ್ಷೇಮ. ತಾವೀಗ ಎಲ್ಲಿದ್ದೀರೋ ತಿಳಿಯದ್ದರಿಂದ ಊರೆಲ್ಲ ಓದುವಂತೆ ಬರೆಯಬೇಕಾಗಿದೆ. ತಮ್ಮ ಏಳಿಗೆಯನ್ನು ನಾನು ಮೊದಲಿನಿಂದ ಕಂಡವಳು. ಎಂಬತ್ತಮೂರರಲ್ಲಿ ತಾವು ಕೊಂಬೆಯ ಮೇಲೆ ಕೂತು ಒಂದೇ ರೆಕ್ಕೆ ಆಡಿಸುತ್ತಿದ್ದಿರಿ; ಇನ್ನೊಂದಕ್ಕೆ ಬಣ್ಣ ಸಾಲಲಿಲ್ಲವೆಂದು ನಾನು ತಿಳಿದಿದ್ದೆ. ಆಮೇಲೆ ಕೊರಳಿಗೆ ಮುತ್ತಿನ ಸರ ಬಂತು, ಹಿಂದೆ ವೀಣೆ ಬಂತು. ಎಂಬತ್ತೈದರಲ್ಲಿ ಕನ್ನಡದ ಮಕ್ಕಳಿಗೂ ಕಥೆಯ ಕ್ಯಾಸೆಟ್ಟು ಹೊರಟಾಗ ತಮಗೆ ಬಾಯಿಯೂ ಬಂತು.

ಆ ಬಾಯಿಯ ಬಗ್ಗೆಯೇ ನನ್ನ ದೂರು. ನನ್ನ ಮೊಮ್ಮಗಳು ಸೀತಾ ಇದೇ ಊರಲ್ಲಿ ಹುಟ್ಟಿ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಟ್ಟು, ನನ್ನನ್ನು ಅಜ್ಜಿ ಎನ್ನದೆ ಪಾಟ್ಟಿ ಎಂದೇ ಕರೆಯುವವಳು. ಅವಳ ಬಾಯಲ್ಲಿ ನಾಲ್ಕು ಮಾತು ಕನ್ನಡ ಕೇಳಿ ಕಣ್ಣು ಮುಚ್ಚಬೇಕೆಂಬ ಆಸೆಯಿಂದ ತಮ್ಮ ಕ್ಯಾಸೆಟ್ಟನ್ನು ಬಾಡಿಗೆಗೆ ತಂದೆ. ತಾವು ‘ಬನ್ನಿ ಮಕ್ಕಳೇ’ ಎಂದು ಕರೆಯಬೇಕಿತ್ತು. ಆದರೆ ತಮಗೆ ಮಾತು ಬರೆದುಕೊಟ್ಟವರು ತಮಿಳು ಲಿಪಿಯಲ್ಲಿ ಬರೆದರಂತೆ. ಅದರಲ್ಲಿ ಪಕಾರ, ಬಕಾರ ಎರಡಕ್ಕೂ ಒಂದೇ ಅಕ್ಷರ. ತಾವು ಕಂಡದ್ದನ್ನು ಕಂಡಂತೆ ಓದಿ, ವೀಣೆಯ ಸಮೇತ, ‘ಪನ್ನಿ ಮಕ್ಕಳೇ’ ಎಂದಿರಿ. ತಮಿಳಿನಲ್ಲಿ ಪನ್ನಿ ಎಂದರೆ ಹಂದಿ. ಕನ್ನಡದ ಮಕ್ಕಳನ್ನು ಇಷ್ಟು ಇಂಪಾಗಿ ಬೈದವರು ಇನ್ನೊಬ್ಬರಿಲ್ಲ.

ಸೀತಾ ಬಿದ್ದು ಬಿದ್ದು ನಕ್ಕಳು. ನನ್ನ ಮಗ ಮಧ್ವರಾಜನ ಬ್ಯಾಂಕಿನ ಮ್ಯಾನೇಜರು, ಅಪ್ಪಟ ತಮಿಳರು, ಊಟಕ್ಕೆ ಬಂದಾಗ ಬಾಗಿಲಲ್ಲಿ ಕೈಮುಗಿದು ನಿಂತು ‘ಪನ್ನಿ’ ಎಂದು ಸ್ವಾಗತಿಸಿದಳು. ಮಧ್ವರಾಜ ಅವರಿಗೆ ಕನ್ನಡದ ಮರ್ಯಾದೆಯ ರೂಪಗಳನ್ನು ವಿವರಿಸಿ ಮುಗಿಸುವಷ್ಟರಲ್ಲಿ ಸಾರು ಆರಿಹೋಗಿತ್ತು. ಕೋಪ ಬಂದು ಸ್ಟುಡಿಯೋಗೆ ಖಾರವಾಗಿ ಬರೆದೆ: ಗಿಳಿಯನ್ನು ನನ್ನ ಮನೆಗೆ ಪಾಠಕ್ಕೆ ಕಳಿಸಿ, ಹಸಿಮೆಣಸಿನಕಾಯಿ ನಾನೇ ಹಾಕುತ್ತೇನೆ.

ಸ್ಟುಡಿಯೋದವರು ಬಹಳ ಸಜ್ಜನರು. ಪಾಠಕ್ಕೆ ಕಳಿಸುವ ತೊಂದರೆ ಯಾಕೆಂದು, ಈ ವರ್ಷ ತಮ್ಮನ್ನೇ ತೆಗೆದುಹಾಕಿ ಅಂಗಡಿಗಳಿಂದ ಹಳೆಯ ಕ್ಯಾಸೆಟ್ಟುಗಳನ್ನೂ ವಾಪಸು ತರಿಸಿಕೊಂಡರು. ಈಗ ತಮ್ಮ ಜಾಗದಲ್ಲಿ ಸ್ಟುಡಿಯೋದ ಹೆಸರಿನ ಬೆಳ್ಳಿಯ ಅಕ್ಷರಗಳು ಗಿರಗಿರನೆ ತಿರುಗಿ ನಿಲ್ಲುತ್ತವೆ. ತಪ್ಪೂ ಇಲ್ಲ, ಮಾತೂ ಇಲ್ಲ.

ಅಷ್ಟರೊಳಗೆ ನಮ್ಮ ಮನೆಯಲ್ಲಿ ಆಗಿದ್ದೇನೆಂದರೆ, ಪ್ರತಿ ಭಾನುವಾರ ತಾವು ಬಾಯಿ ತೆರೆದೊಡನೆ ಸೀತಾ ಟಿ.ವಿ.ಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ‘ಏ ಗಿಳಿ, ಪನ್ನಿ ಅಲ್ಲ, ಬನ್ನಿ ಅನ್ನು. ನಮ್ಮಜ್ಜಿ ಬೈತಾರೆ’ ಎಂದು ಗದರುತ್ತಿದ್ದಳು. ಅಡುಗೆಮನೆಯಲ್ಲಿ ನಾನು ಒಗ್ಗರಣೆ ಬಿಟ್ಟು ಕೇಳುತ್ತಿದ್ದೆ. ಅವಳು ತಾನಾಗಿ ಆಡಿದ ಕನ್ನಡ ಅದೊಂದೇ. ಬೆಳ್ಳಿ ಅಕ್ಷರಗಳಲ್ಲಿ ತಿದ್ದುವುದಕ್ಕೆ ಏನೂ ಇಲ್ಲದ್ದರಿಂದ ಅವಳೀಗ ಸುಮ್ಮನೆ ನೋಡಿ ಎದ್ದು ಹೋಗುತ್ತಾಳೆ.

ಆದ್ದರಿಂದ ಮಾನ್ಯರೇ, ತಾವು ಕೂಡಲೇ ಹಿಂದಿರುಗಿ, ಒಂದಕ್ಷರವನ್ನೂ ತಿದ್ದಿಕೊಳ್ಳದೆ, ನಮ್ಮನ್ನು ಮೊದಲಿನಂತೆಯೇ ಹಂದಿಗಳೆಂದು ಕರೆಯಬೇಕಾಗಿ ಬೇಡುತ್ತೇನೆ.

ತಮ್ಮ ವಿಶ್ವಾಸಿ,
ತಮ್ಮ ಮುಂದೆ ಮಾತ್ರ ಅಜ್ಜಿ ಎನಿಸಿಕೊಂಡ
ರಮಾಬಾಯಿ

ತಾ.ಕ.: ಈ ವಿಷಯ ಮಾತಾಡಲು ಸ್ಟುಡಿಯೋದ ಯಜಮಾನರನ್ನು ಊಟಕ್ಕೆ ಕರೆದಿದ್ದೇನೆ. ಆಹ್ವಾನದಲ್ಲಿರುವುದು ‘ಬನ್ನಿ’ ಎಂಬ ಒಂದೇ ಮಾತು. ಅವರ ರೂಢಿಯಂತೆ ಅದನ್ನು ತಮಿಳು ಲಿಪಿಯಲ್ಲಿ ಬರೆಸಿ, ಗಟ್ಟಿಯಾಗಿ ಓದಿಸಿಕೊಳ್ಳಲಿ.