ಶಾಂತವ್ವ ಎಲ್ಲಿ ಕುಳಿತುಕೊಳ್ಳಬೇಕು?

ಪಿಂಚಣಿ ಶುರುವಾದ ಮೇಲೆ ಗಂಡಸಿಗೆ ಎರಡರಲ್ಲಿ ಒಂದು ಚಟವಾದರೂ ಹತ್ತುತ್ತದೆ: ಮಧ್ಯಾಹ್ನದ ನಿದ್ದೆ, ಇಲ್ಲವೇ ಊರಿನ ಉದ್ಧಾರ. ನನಗೆ ಹಗಲು ನಿದ್ದೆ ಬರುವುದಿಲ್ಲ. ಮೂವತ್ತು ವರ್ಷ ಕಾಲುವೆಗಳ ನಕ್ಷೆ ಬರೆದು, ಎಲ್ಲಿ ಹರಿಯಬೇಕೆಂದು ನೀರಿಗೇ ಹೇಳಿಕೊಟ್ಟವನು ನಾನು. ಹೀಗಿರುವಾಗ ನಮ್ಮ ಅಂಕಲಿಯ ಹಿರಿಯರು ಬಂದು, "ಸಾಹೇಬ್ರ, ಸಂತಿ ಬಯಲಾಗ ಊರಿಗೊಂದ್ ಊಟದ ಕಟ್ಟಿ ಮಾಡೂನ್ರಿ, ನಕ್ಷಾ ನೀವ ಹಾಕ್ರಿ" ಎಂದರೆ ಒಲ್ಲೆ ಎನ್ನಲಾದೀತೆ?

ಕೃಷ್ಣೆ ಉಕ್ಕಿ ಬಂದ ವರ್ಷ ಅರ್ಧ ಊರು ಶಾಲೆಯಲ್ಲಿ ಒಂದೇ ಪಂಗತಿಯಲ್ಲಿ ಕೂತು ಉಂಡಿತ್ತು. ನೀರು ಇಳಿದರೂ ಆ ಊಟದ ನೆನಪು ಇಳಿದಿರಲಿಲ್ಲ. ಆಗ ಎಲ್ಲರಿಗೂ ರೊಟ್ಟಿ ಬಡಿದು ಹಾಕಿದವಳು ಶಾಂತವ್ವ, ಸಂತೆಯಲ್ಲಿ ಬಿಸಿಲಿಗೇ ಒಲೆ ಹೂಡಿ ರೊಟ್ಟಿ ಮಾರುವ ಅರವತ್ತು ದಾಟಿದ ಹೆಂಗಸು. ಊರವರು ಕೂತು ಉಣ್ಣುವ, ಅಲ್ಲೇ ಅಡುಗೆಯೂ ಆಗುವ ಕಟ್ಟೆಯಾದರೆ ಆಕೆಗೂ ಜೊತೆಗೆ ರೊಟ್ಟಿ ಮಾರುವ ನಾಲ್ವರಿಗೂ ತಲೆಯ ಮೇಲೊಂದು ಸೂರು, ಕೈಗೆ ಖಾಯಂ ಕೆಲಸ.

ನನ್ನ ಜಾಣತನವನ್ನೆಲ್ಲ ನಕ್ಷೆಗೆ ಸುರಿದೆ. ಒಲೆಗೆ ಹೊಲದಲ್ಲಿ ಉಳಿದ ಕಬ್ಬಿನ ಒಣಗರಿ, ಅಂದರೆ ರವದಿ, ಕೈ ತೊಳೆದ ನೀರು ಬಾಳೆಗಿಡಕ್ಕೆ, ಮಿಕ್ಕ ಅನ್ನ ಎಮ್ಮೆಗಳಿಗೆ. ಜೈನರ ಮನೆಯವರು ಹೊತ್ತು ಮುಳುಗುವ ಮುಂಚೆ ಉಣ್ಣುತ್ತಾರೆಂದು, ಕಡೆಯ ಬೆಳಕು ಬೀಳುವ ಪಡುವಣ ಬದಿಯನ್ನೇ ಪಂಗತಿಗೆ ಬಿಟ್ಟೆ. ಪಂಚಾಯ್ತಿ ಸದಸ್ಯರನ್ನು ಕೇಳಿದೆ, ಮಾಸ್ತರನ್ನು ಕೇಳಿದೆ, ಗೋಡೆ ಕಟ್ಟುವ ಗೌಂಡಿಯನ್ನೂ ಕೇಳಿದೆ. ಹೆಂಗಸರು ಬಗ್ಗಿ ಬೇಯಬಾರದೆಂಬ ಕಳಕಳಿಯಿಂದ ಒಲೆಗಳನ್ನು ಸೊಂಟದೆತ್ತರಕ್ಕೆ ಗ್ರಾನೈಟ್ ಹಾಸಿ ಕಟ್ಟಿಸಿದೆ. ಸೊಂಟವೆಂದರೆ ನನ್ನ ಸೊಂಟ. ಶಾಂತವ್ವನಿಗೆ ಅದು ಎದೆಮಟ್ಟ.

ಮೊದಲ ದಿನ ಆಕೆ ಹಿಟ್ಟಿನ ಬುಟ್ಟಿ ಹೊತ್ತು ಬಂದಳು. ಗ್ರಾನೈಟನ್ನು ಸವರಿ ನೋಡಿದಳು. ತುದಿಗಾಲಲ್ಲಿ ನಿಂತು ಒಂದು ರೊಟ್ಟಿ ಬಡಿದಳು, ಅದು ನಡುವೆ ದಪ್ಪಗಾಗಿ ಅಂಚಿನಲ್ಲಿ ಬಿರಿಯಿತು.

"ಕಟ್ಟಿ ಭಾಳ ಚೊಲೊ ಆಗೇತ್ರಿ ಸಾಹೇಬ್ರ. ಖರೆ, ನಾ ಎಲ್ಲಿ ಕುಂದರ್ಲಿ?"

"ನಿಂತ ಮಾಡಾಕ ಬರೂದಿಲ್ಲೇನು?"

"ರೊಟ್ಟಿ ಕುಂತ ಬಡೀಬೇಕ್ರಿ, ಒಂದ್ ಕಾಲ್ ಚಾಚಿ. ಇನ್ನೂರ್ ರೊಟ್ಟಿ ನಿಂತ ಬಡದ್ರ ಮರುದಿನ ನನ್ನ ಹೊತ್ಕೊಂಡ ಹೋಗ್ಬೇಕಾಗ್ತೈತಿ."

ನನಗೆ ಬೇಸರವಾದೀತೆಂದು ಮೆಲ್ಲಗೇ ಹೇಳಿದಳು. ಆಮೇಲೆ ಬುಟ್ಟಿ ಎತ್ತಿಕೊಂಡು ತನ್ನ ಹಳೆಯ ಬಿಸಿಲಿಗೇ ಹೋಗಿ ಕುಳಿತಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಕುಳಿತು ಬಡಿಯುವ ಕೈಗೆ ಒಲೆ ಎಷ್ಟೆತ್ತರವಿರಬೇಕೆಂದು ಹೆಂಡತಿಯನ್ನು ನೋಡಿಯೇ ಅಳೆಯೋಣವೆಂದು ಟೇಪು ಹಿಡಿದು ಮನೆಗೆ ಬಂದೆ. ಅಡುಗೆಮನೆ ಖಾಲಿ. ಆಕೆ ಹಿತ್ತಲಲ್ಲಿ, ನೀರು ಕಾಯಿಸುವ ಒಲೆಯ ಮುಂದೆ ಮಣೆ ಹಾಕಿಕೊಂಡು, ಒಂದು ಕಾಲು ಚಾಚಿ ಟಪಟಪ ಬಡಿಯುತ್ತಿದ್ದಳು.

"ಇಲ್ಲ್ಯಾಕ ಕುಂತಿ?"

"ನೀವು ಒಳಗ ಗ್ಯಾಸಿನ ಕಟ್ಟಿ ಕಟ್ಟಿಸಿದಾಗಿಂದ ಇಲ್ಲೇ ಕುಂದರ್ತೀನ್ರಿ."

ಹನ್ನೊಂದು ವರ್ಷ. ಅಷ್ಟೂ ವರ್ಷ ಬಂದ ಬೀಗರಿಗೆಲ್ಲ ಆ ಕಟ್ಟೆ ತೋರಿಸಿ, "ಇದರ ಮ್ಯಾಲ ಮಾಡಿದ ರೊಟ್ಟಿ ರುಚೀನ ಬ್ಯಾರೆ" ಎಂದು ಹೇಳುತ್ತ ಬಂದವನು ನಾನು. ಟೇಪು ಬಿಚ್ಚಿದೆ. ಆಕೆ ಹಿಟ್ಟಿನ ಕೈಯಲ್ಲೇ ಅದರ ತುದಿ ಹಿಡಿದಳು. ಒಲೆಯ ಎತ್ತರ, ಕಾಲು ಚಾಚಲು ಜಾಗ, ಬೆನ್ನಿಗೊಂದು ಗೋಡೆ, ಎಲ್ಲವನ್ನೂ ಆಕೆ ಹೇಳಿದಳು. ನಾನು ಬರೆದುಕೊಂಡೆ.

ಈಗ ಶಾಂತವ್ವ ನೆರಳಲ್ಲಿ ಕುಳಿತು ಬಡಿಯುತ್ತಾಳೆ, ಪಂಗತಿ ತುಂಬುತ್ತದೆ. ಒಲೆಗಳನ್ನು ಕೆಳಗಿಳಿಸುವಾಗ ಗೌಂಡಿ ಕೊನೆಯ ಎತ್ತರದ ಕಟ್ಟೆಗೂ ಸುತ್ತಿಗೆ ಎತ್ತಿದ್ದ. ಶಾಂತವ್ವನೇ ತಡೆದಳು: "ಅದೊಂದ್ ಇರ್ಲಿ ಬಿಡಪ್ಪಾ. ಸಾಹೇಬ್ರು ಕುಂತ ನೋಡಾಕ ಬೇಕಾಗ್ತೈತಿ." ಸಂತೆಯ ದಿನ ಕಾಲು ಇಳಿಬಿಟ್ಟುಕೊಂಡು ಅದರ ಮೇಲೇ ಕೂರುತ್ತೇನೆ. ಮೊದಲ ಬಿಸಿ ರೊಟ್ಟಿ ನನಗೇ ಬರುತ್ತದೆ. ನಕ್ಷೆ ಮಾತ್ರ ಯಾರೂ ಕೇಳುವುದಿಲ್ಲ.